ರೋಮಿನಲ್ಲಿ ಮೂರು ದಿನ: ಎರಡು ಟಿಕೆಟ್, ಉಳಿದದ್ದು ಕಾಲ್ನಡಿಗೆ

ಓದಲೆಂದು ಜರ್ಮನಿಗೋ ನೆದರ್‌ಲ್ಯಾಂಡ್ಸಿಗೋ ಬಂದ ನಮ್ಮ ಹುಡುಗ ಹುಡುಗಿಯರು ಸೆಮಿಸ್ಟರ್ ರಜೆ ಹತ್ತಿರ ಬಂದೊಡನೆ ತೆಗೆಯುವ ಮೊದಲ ಮಾತು ರೋಮಿನದು. ವಿಮಾನದ ಟಿಕೆಟ್ ಅಗ್ಗಕ್ಕೆ ಸಿಕ್ಕಿಬಿಡುತ್ತದೆ. ಆ ಖುಷಿಯಲ್ಲಿ ಹೊರಟವರು ಅಲ್ಲಿಗೆ ಹೋದ ಮೇಲೆ ಸಾಲಿನಲ್ಲಿ ನಿಂತು, ದಲ್ಲಾಳಿಗಳಿಗೆ ದುಪ್ಪಟ್ಟು ಕೊಟ್ಟು, ಮಧ್ಯಾಹ್ನ ಎಲ್ಲ ಚರ್ಚುಗಳ ಬಾಗಿಲು ಮುಚ್ಚಿರುವುದನ್ನು ನೋಡಿ, ಸಂಜೆ ಕಾಲುನೋವಿನಿಂದ ಪರಸ್ಪರ ಜಗಳವಾಡಿ ವಾಪಸಾಗುತ್ತಾರೆ. ಇದು ಬೇಕಿಲ್ಲ. ರೋಮಿನಲ್ಲಿ ಮುಂಗಡ ಕಾದಿರಿಸಲೇಬೇಕಾದ ದೊಡ್ಡ ಟಿಕೆಟ್ ಎರಡೇ ಎರಡು: ಪ್ರಾಚೀನ ರೋಮಿನ ಕ್ರೀಡಾಂಗಣ ಕೊಲೊಸಿಯಂ ಒಂದು, ವ್ಯಾಟಿಕನ್ ವಸ್ತುಸಂಗ್ರಹಾಲಯ ಇನ್ನೊಂದು. ಉಳಿದ ರೋಮ್ ಹೆಚ್ಚುಕಡಿಮೆ ಪುಕ್ಕಟೆ. ಯಾವ ಬಾಗಿಲು ಯಾವ ಹೊತ್ತಿಗೆ ತೆರೆದಿರುತ್ತದೆ ಎಂಬುದನ್ನು ತಿಳಿದು ದಿನ ಹೊಂದಿಸಿಕೊಂಡರೆ ಮುಗಿಯಿತು. ಕೆಳಗಿನ ಕ್ರಮವನ್ನು ವಿದ್ಯಾರ್ಥಿಯ ಕಿಸೆ ಮತ್ತು ಮೂರು ದಿನದ ಬಿಡುವನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಹೆಜ್ಜೆ 1: ಮೊದಲು ತಂಡ, ಆಮೇಲೆ ಟಿಕೆಟ್

ನಾಲ್ಕು ಜನ ಹದವಾದ ಸಂಖ್ಯೆ. ಹಾಸ್ಟೆಲಿನಲ್ಲಿ ನಾಲ್ಕು ಹಾಸಿಗೆಯ ಕೋಣೆ ಪೂರ್ತಿ ನಿಮ್ಮದಾಗುತ್ತದೆ, ಟ್ಯಾಕ್ಸಿಯಲ್ಲಿ ಎಲ್ಲರೂ ಹಿಡಿಸುತ್ತೀರಿ, ಊಟದ ಮೇಜು ಬೇಗ ಸಿಗುತ್ತದೆ. ಆರು ದಾಟಿದರೆ ಅದು ಪ್ರವಾಸವಲ್ಲ, ಸಮಿತಿ ಸಭೆ.

ಹೊರಡುವ ಮುನ್ನ ಎಲ್ಲರೂ ಕೂತು ಎರಡು ಮಾತು ಇತ್ಯರ್ಥ ಮಾಡಿಕೊಳ್ಳಿ. ಮೊದಲನೆಯದು, ಪ್ರತಿಯೊಬ್ಬರೂ ತಾವು ನೋಡಲೇಬೇಕಾದ ಒಂದು ಜಾಗವನ್ನು ಹೇಳಬೇಕು. ಆ ನಾಲ್ಕಕ್ಕೆ ಯಾರೂ ತಕರಾರು ಎತ್ತಬಾರದು. ಎರಡನೆಯದು ಹಣ. ಒಬ್ಬರ ಕೈಯಲ್ಲಿ ಸಾಮಾನ್ಯ ನಿಧಿ ಇರಲಿ. ಟಿಕೆಟ್, ಬಸ್, ಬ್ರೆಡ್ಡು, ಹಣ್ಣು ಇವು ಅದರಿಂದ ಹೋಗಲಿ. ಹೋಟೆಲಿನ ಊಟವನ್ನು ಮಾತ್ರ ಸಮನಾಗಿ ಹಂಚಬೇಡಿ. ನಮ್ಮ ತಂಡಗಳಲ್ಲಿ ಸಸ್ಯಾಹಾರಿ ಒಬ್ಬರಾದರೂ ಇರುತ್ತಾರೆ. ಚೀಸ್ ಕೂಡ ಇಲ್ಲದ ಪಿಜ್ಜಾ ತಿಂದವರು ಪಕ್ಕದವರ ಮಾಂಸದೂಟಕ್ಕೂ ವೈನಿಗೂ ಪಾಲು ಕೊಡುತ್ತಾ ಹೋದರೆ ಎರಡನೆಯ ರಾತ್ರಿಗೆ ಅವರ ಮುಖ ಬಿಗಿಯುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಹೆಜ್ಜೆ 2: ಯಾವ ತಿಂಗಳು, ಯಾವ ವಾರ

ನವೆಂಬರಿನಿಂದ ಮಾರ್ಚ್ ಮಧ್ಯದವರೆಗೆ, ಕ್ರಿಸ್‌ಮಸ್ ಹೊಸವರ್ಷದ ವಾರಗಳನ್ನು ಬಿಟ್ಟರೆ, ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ ಕಾಲ. ಕೋಣೆ ಅಗ್ಗ, ಸಾಲು ಗಿಡ್ಡ. ಜುಲೈ ಆಗಸ್ಟಿನ ಬಿಸಿಲು ರಾಯಚೂರಿನವರನ್ನೂ ಸುಸ್ತು ಮಾಡುತ್ತದೆ. ಮೇಲಾಗಿ ಆಗಸ್ಟ್ 15ರ ಆಸುಪಾಸಿನಲ್ಲಿ ಊರಿನವರೇ ರಜೆಗೆ ಹೋಗುವುದರಿಂದ ಒಳ್ಳೆಯ ಸಣ್ಣ ಅಂಗಡಿಗಳು ಬೀಗ ಹಾಕಿರುತ್ತವೆ.

ವಾರದಲ್ಲಿ ಗುರುವಾರ ಬೆಳಿಗ್ಗೆಯಿಂದ ಶನಿವಾರ ಸಂಜೆಯವರೆಗಿನ ಮೂರು ದಿನ ಉತ್ತಮ. ಸೋಮವಾರ ಹಲವು ವಸ್ತುಸಂಗ್ರಹಾಲಯಗಳಿಗೆ ರಜೆ. ಬುಧವಾರ ಬೆಳಿಗ್ಗೆ ಪೋಪ್ ಅವರ ಸಾರ್ವಜನಿಕ ದರ್ಶನವಿದ್ದರೆ ವ್ಯಾಟಿಕನ್ನಿನ ಸಂತ ಪೀಟರ್ ಚರ್ಚಿನ ಒಳಗೆ ಬಿಡುವುದು ತಡವಾಗುತ್ತದೆ. ಭಾನುವಾರ ವ್ಯಾಟಿಕನ್ ವಸ್ತುಸಂಗ್ರಹಾಲಯ ಮುಚ್ಚಿರುತ್ತದೆ.

ಭಾನುವಾರದ್ದೇ ಇನ್ನೊಂದು ಆಕರ್ಷಣೆ ಇದೆ. ತಿಂಗಳ ಮೊದಲ ಭಾನುವಾರ ಇಟಲಿ ಸರ್ಕಾರದ ಸಂಗ್ರಹಾಲಯಗಳು, ಕೊಲೊಸಿಯಂ ಸಹಿತ, ಉಚಿತ. ಕೊನೆಯ ಭಾನುವಾರ ವ್ಯಾಟಿಕನ್ ವಸ್ತುಸಂಗ್ರಹಾಲಯ ಬೆಳಿಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ಉಚಿತವಾಗಿ ತೆರೆದಿರುತ್ತದೆ. ಒಳಗೆ ಹೋಗಲು 12.30ರವರೆಗೆ ಮಾತ್ರ ಅವಕಾಶ. ವಾರಗಟ್ಟಲೆ ಇರುವವರು ಹೋಗಲಿ. ಮೂರೇ ದಿನದವರು ಅರ್ಧ ದಿನವನ್ನು ಸಾಲಿಗೆ ಒಪ್ಪಿಸಿ ಇಪ್ಪತ್ತು ಯೂರೋ ಉಳಿಸುವುದು ಲಾಭದ ವ್ಯಾಪಾರವಲ್ಲ ಎಂಬುದು ನನ್ನ ಲೆಕ್ಕ.

ಹೆಜ್ಜೆ 3: ಕಾಗದಪತ್ರ

ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ) ದೇಶವೊಂದರ ವಾಸ್ತವ್ಯ ಪರವಾನಗಿ ಇರುವವರಿಗೆ ಇಟಲಿಗೆ ಬೇರೆ ವೀಸಾ ಬೇಡ. ಯಾವುದೇ 180 ದಿನಗಳಲ್ಲಿ 90 ದಿನದವರೆಗೆ ತಿರುಗಾಡಬಹುದು. ಪಾಸ್‌ಪೋರ್ಟ್ ಮತ್ತು ಪರವಾನಗಿ ಕಾರ್ಡು ಎರಡರ ಮೂಲಪ್ರತಿಯೂ ಜೊತೆಗಿರಬೇಕು, ಮೊಬೈಲಿನ ಫೋಟೊ ನಡೆಯುವುದಿಲ್ಲ. ಕಾರ್ಡು ಇನ್ನೂ ಕೈಗೆ ಬಾರದೆ ತಾತ್ಕಾಲಿಕ ಪತ್ರದ ಮೇಲೆ ಇರುವವರು ಊರಿನ ವಿದೇಶಿಯರ ಕಚೇರಿಯನ್ನು ಕೇಳದೆ ಟಿಕೆಟ್ ಕೊಳ್ಳಬಾರದು. ಬ್ರಿಟನ್ನಿನಲ್ಲೋ ಐರ್ಲೆಂಡಿನಲ್ಲೋ ಓದುತ್ತಿರುವವರಿಗೆ ಷೆಂಗೆನ್ ವೀಸಾ ಬೇಕೇ ಬೇಕು. ಅವೆರಡೂ ಷೆಂಗೆನ್ ಕೂಟದಲ್ಲಿಲ್ಲ. ಅದಕ್ಕೆ ತಿಂಗಳುಗಳ ಮೊದಲೇ ಓಡಾಟ ಶುರುಮಾಡಿ.

ಅಗ್ಗದ ವಿಮಾನಗಳಲ್ಲಿ ಕೆಲವು, ಐರೋಪ್ಯ ಒಕ್ಕೂಟದ ಪಾಸ್‌ಪೋರ್ಟ್ ಇಲ್ಲದವರ ದಾಖಲೆಗಳನ್ನು ಕೌಂಟರಿನಲ್ಲಿ ಪರಿಶೀಲಿಸುತ್ತವೆ. ಬೋರ್ಡಿಂಗ್ ಪಾಸ್ ಮೊಬೈಲಿನಲ್ಲಿದೆ ಎಂದು ನೇರ ಭದ್ರತಾ ತಪಾಸಣೆಗೆ ಓಡುವ ಮೊದಲು ಅದರ ಮೇಲಿನ ಸೂಚನೆ ಓದಿ.

ಹೆಜ್ಜೆ 4: ಆ ಎರಡು ಟಿಕೆಟ್

ಕೊಲೊಸಿಯಂ ಟಿಕೆಟ್ 18 ಯೂರೋ. ಅದರಲ್ಲೇ ರೋಮನ್ ಫೋರಂ (ಪ್ರಾಚೀನ ನಗರದ ಮುಖ್ಯ ಚೌಕದ ಅವಶೇಷಗಳು) ಮತ್ತು ಪ್ಯಾಲಟೈನ್ ಬೆಟ್ಟವೂ ಸೇರಿವೆ, 24 ಗಂಟೆ ಚಾಲ್ತಿಯಲ್ಲಿರುತ್ತದೆ. ಟಿಕೆಟ್ ಮೇಲೆ ಬರೆದ ವೇಳೆ ಕೊಲೊಸಿಯಂಗೆ ಮಾತ್ರ. ಫೋರಂಗೆ ಅದೇ ಅವಧಿಯೊಳಗೆ ಒಮ್ಮೆ ಯಾವಾಗಲಾದರೂ ಹೋಗಬಹುದು. ಅಧಿಕೃತ ಜಾಲತಾಣದಲ್ಲಿ ಸುಮಾರು 30 ದಿನ ಮುಂಚೆ ಮಾರಾಟ ತೆರೆಯುತ್ತದೆ, ಒಳ್ಳೆಯ ವೇಳೆಗಳು ಬೇಗ ಖಾಲಿಯಾಗುತ್ತವೆ. ಹುಡುಕಾಟದಲ್ಲಿ ಮೊದಲಿಗೆ ಕಾಣುವ ತಾಣಗಳು ಹೆಚ್ಚಿನಂಶ ಮರುಮಾರಾಟಗಾರರವು. ಅದೇ ಟಿಕೆಟ್ಟಿಗೆ ಕಿವಿಗೆ ಹಾಕುವ ಯಂತ್ರವೊಂದನ್ನು ಸೇರಿಸಿ ಎರಡು ಪಟ್ಟು ಕೇಳುತ್ತಾರೆ. ಟಿಕೆಟ್ಟಿನಲ್ಲಿ ಹೆಸರು ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ತುಂಬಿ; ನಮ್ಮ ಇನಿಷಿಯಲ್, ಊರಿನ ಹೆಸರು, ತಂದೆಯ ಹೆಸರುಗಳ ಗೋಜಲು ಅಲ್ಲಿಯ ಸಿಬ್ಬಂದಿಗೆ ಅರ್ಥವಾಗದು.

ವಿದ್ಯಾರ್ಥಿ ರಿಯಾಯಿತಿಯ ಬಗ್ಗೆ ಒಂದು ಮಾತು. ಇಟಲಿ ಸರ್ಕಾರದ ತಾಣಗಳಲ್ಲಿ 18ರಿಂದ 25ರ ಯುವಕರಿಗೆ ಇರುವ 2 ಯೂರೋ ದರ ಐರೋಪ್ಯ ಒಕ್ಕೂಟದ ಪ್ರಜೆಗಳಿಗೆ. ಜರ್ಮನ್ ವಿಶ್ವವಿದ್ಯಾಲಯದ ಕಾರ್ಡು ತೋರಿಸಿದರೂ ಭಾರತದ ಪಾಸ್‌ಪೋರ್ಟಿಗೆ ಅದು ದಕ್ಕುವುದಿಲ್ಲ. ಗೊತ್ತಿಲ್ಲದೆ ಆ ದರದ ಟಿಕೆಟ್ ಕೊಂಡು ಹೋದರೆ ಬಾಗಿಲಲ್ಲಿ ನಿಲ್ಲಿಸುತ್ತಾರೆ. ವ್ಯಾಟಿಕನ್ ಬೇರೆಯೇ ರಾಷ್ಟ್ರ, ಅದರ ನಿಯಮವೂ ಬೇರೆ: 25ರವರೆಗಿನ ವಿದ್ಯಾರ್ಥಿಗಳಿಗೆ, ಗುರುತಿನ ಚೀಟಿ ಇದ್ದರೆ, ರಿಯಾಯಿತಿ ಸಿಗುತ್ತದೆ. ಪೂರ್ಣ ದರ 20 ಯೂರೋ, ಮುಂಗಡ ಕಾದಿರಿಸಲು ಮೇಲೆ 5. ಆ 5 ಯೂರೋವನ್ನು ಕಣ್ಣುಮುಚ್ಚಿ ಕೊಡಿ. ದರಗಳು ಬದಲಾಗುತ್ತಿರುತ್ತವೆ, ಕೊಳ್ಳುವ ದಿನ ಅಧಿಕೃತ ತಾಣದಲ್ಲಿ ಮತ್ತೊಮ್ಮೆ ನೋಡಿ.

ಹೆಜ್ಜೆ 5: ವಸತಿ ಮತ್ತು ತಲುಪುವ ದಾರಿ

ತೆರ್ಮಿನಿ ರೈಲು ನಿಲ್ದಾಣದ ಸುತ್ತ ಹಾಸ್ಟೆಲುಗಳು ಸಾಲುಸಾಲಾಗಿವೆ. ಜಾಗ ಅಂದವೇನಲ್ಲ, ಆದರೆ ಎರಡು ಮೆಟ್ರೊ ಮಾರ್ಗಗಳು ಕೂಡುವುದು ಅಲ್ಲೇ, ಕೊಲೊಸಿಯಂಗೆ ನಡೆದೇ ಹೋಗಬಹುದು. ವಿಶ್ವವಿದ್ಯಾಲಯದ ಪಕ್ಕದ ಸಾನ್ ಲೊರೆಂಜೊ ಬಡಾವಣೆಯಲ್ಲಿ ಊಟ ಅಗ್ಗ, ರಾತ್ರಿ ಗದ್ದಲ ಜಾಸ್ತಿ. ಅಡುಗೆಮನೆ ಇರುವ ಜಾಗ ಸಿಕ್ಕರೆ ಬಿಡಬೇಡಿ. ಕಾದಿರಿಸಿದ ಬೆಲೆಯ ಮೇಲೆ ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಎಂದು ನಗರ ತೆರಿಗೆ ಅಲ್ಲೇ ಕಟ್ಟಿಸಿಕೊಳ್ಳುತ್ತಾರೆ. ಅದು ಮೋಸವಲ್ಲ, ಕಾನೂನು.

ಫ್ಯುಮಿಚಿನೊ ವಿಮಾನ ನಿಲ್ದಾಣದಿಂದ ತೆರ್ಮಿನಿಗೆ ನೇರ ರೈಲು 32 ನಿಮಿಷ, 14 ಯೂರೋ. ಬಸ್ಸು ಅದರ ಅರ್ಧ ಬೆಲೆಗೆ ಸಿಗುತ್ತದೆ, ಹೊತ್ತು ಹೆಚ್ಚು. ನಗರದ ಹಳೆಯ ಕೋಟೆಗೋಡೆಯೊಳಗೆ ಬಿಳಿ ಟ್ಯಾಕ್ಸಿಗೆ ನಿಗದಿತ ದರವಿದೆ: 55 ಯೂರೋ, ಸಾಮಾನೂ ಸೇರಿ. ಅಂದರೆ ನಾಲ್ಕು ಜನರ ರೈಲು ಚಾರ್ಜಿಗಿಂತ ಒಂದು ಯೂರೋ ಕಡಿಮೆಗೆ ಹಾಸ್ಟೆಲಿನ ಬಾಗಿಲಿಗೇ ಇಳಿಯುತ್ತೀರಿ. ಆಗಮನದ ಬಾಗಿಲಲ್ಲಿ "ಟ್ಯಾಕ್ಸಿ ಟ್ಯಾಕ್ಸಿ" ಎಂದು ಹತ್ತಿರ ಬರುವವರ ಜೊತೆ ಮಾತ್ರ ಹೋಗಬೇಡಿ. ಹೊರಗೆ ಸಾಲಿನಲ್ಲಿ ನಿಂತಿರುವುದೇ ಸರಿಯಾದದ್ದು.

ಊರೊಳಗೆ ಬಸ್, ಮೆಟ್ರೊ ಟಿಕೆಟ್ 1.50 ಯೂರೋ, 100 ನಿಮಿಷ ನಡೆಯುತ್ತದೆ, ಮೆಟ್ರೊ ಪ್ರಯಾಣ ಅದರಲ್ಲಿ ಒಂದೇ ಸಲ. ಕಾಗದದ ಟಿಕೆಟನ್ನು ಬಸ್ಸಿನೊಳಗಿನ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸದಿದ್ದರೆ ಟಿಕೆಟ್ ಇದ್ದೂ ದಂಡ. ಮೂರು ದಿನದ ಪಾಸು ಬೇಡ. ಈ ಯೋಜನೆಯಲ್ಲಿ ನೀವು ಬಸ್ ಹತ್ತುವುದು ದಿನಕ್ಕೆ ಒಂದೋ ಎರಡೋ ಸಲ.

ಹೆಜ್ಜೆ 6: ಮೊದಲ ದಿನ, ಹಳೆಯ ರೋಮ್

ಬೆಳಿಗ್ಗೆ 9ರ ಹೊತ್ತಿಗೆ ಕೊಲೊಸಿಯಂ. ಚಕ್ರವರ್ತಿ ವೆಸ್ಪೇಷಿಯನ್ ಕಟ್ಟಿಸಲು ತೊಡಗಿದ್ದನ್ನು ಮಗ ಟೈಟಸ್ ಕ್ರಿ.ಶ. 80ರಲ್ಲಿ ಉದ್ಘಾಟಿಸಿದ. ಒಳಗೆ ನುಗ್ಗುವ ಆತುರದಲ್ಲಿ ಎಲ್ಲರೂ ಬಿಟ್ಟುಬಿಡುವ ಒಂದು ಸಂಗತಿ ಹೊರಗೋಡೆಯಲ್ಲೇ ಇದೆ. ಕಲ್ಲುಗಳ ಸಂದಿನಲ್ಲಿ ಮುಷ್ಟಿ ತೂರುವಷ್ಟು ತೂತುಗಳು ಎಲ್ಲೆಂದರಲ್ಲಿ ಕಾಣುತ್ತವೆ. ಗುಂಡೇಟಿನ ಗುರುತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಗಾರೆಯಿಲ್ಲದೆ ಜೋಡಿಸಿದ ಆ ಕಲ್ಲುಗಳನ್ನು ಕಬ್ಬಿಣದ ಕೊಂಡಿಗಳು ಹಿಡಿದಿದ್ದವು. ಮಧ್ಯಯುಗದಲ್ಲಿ ಲೋಹಕ್ಕೆ ಬರ ಬಂದಾಗ ಜನ ಕಲ್ಲು ಕೆತ್ತಿ ಕೊಂಡಿಗಳನ್ನು ಕಿತ್ತುಕೊಂಡರು. 1349ರ ಭೂಕಂಪದಲ್ಲಿ ದಕ್ಷಿಣದ ಹೊರಗೋಡೆ ಕುಸಿಯಿತು, ಬಿದ್ದ ಕಲ್ಲು ನಗರದ ಬೇರೆ ಕಟ್ಟಡಗಳಿಗೆ ಹೋಯಿತು. ಒಳಗೆ ಒಂದೂವರೆ ಗಂಟೆ ಸಾಕು. ನೆಲದಡಿಯ ಸುರಂಗಗಳನ್ನು ಮೇಲಿನಿಂದ ಬಗ್ಗಿ ನೋಡಬಹುದು. ಅಲ್ಲಿಗೆ ಇಳಿಯಲು ಬೇರೆ ಟಿಕೆಟ್ ಬೇಕು.

ಅಲ್ಲಿಂದ ಹತ್ತು ನಿಮಿಷ ಮೇಲೇರಿದರೆ ಸಾನ್ ಪಿಯೆತ್ರೊ ಇನ್ ವಿಂಕೊಲಿ ಚರ್ಚು. ಮೈಕೆಲೇಂಜೆಲೊ ಕಡೆದ ಮೋಶೆ ಅಲ್ಲಿ ಕುಳಿತಿದ್ದಾನೆ, ಬಿಡಿಗಾಸೂ ಕೊಡಬೇಕಿಲ್ಲ. 12.30ಕ್ಕೆ ಬಾಗಿಲು ಹಾಕುತ್ತಾರೆ, ಆದ್ದರಿಂದ ಕೊಲೊಸಿಯಂ ಮುಗಿದ ಕೂಡಲೇ ಹೋಗಿ.

ಊಟ, ವಿಶ್ರಾಂತಿ ಮುಗಿಸಿ ಮೂರರ ಮೇಲೆ ಫೋರಂ. ಚಳಿಗಾಲದಲ್ಲಾದರೆ ಇನ್ನೂ ಒಂದು ಗಂಟೆ ಮುಂಚೆ, ಏಕೆಂದರೆ ಕತ್ತಲಾಗುವ ಮೊದಲೇ ಮುಚ್ಚುತ್ತಾರೆ. ಏನೂ ಓದಿಕೊಳ್ಳದೆ ಹೋದವರಿಗೆ ಫೋರಂ ಬರೀ ಕಲ್ಲಿನ ರಾಶಿ. ಎರಡೇ ಗುರುತು ಇಟ್ಟುಕೊಳ್ಳಿ. ಟೈಟಸ್ ಕಮಾನಿನ ಒಳಮೈಯಲ್ಲಿ ಜೆರುಸಲೇಮಿನ ದೇಗುಲದಿಂದ ದೋಚಿದ ಏಳು ಕವಲಿನ ದೀಪಸ್ತಂಭವನ್ನು ಸೈನಿಕರು ಹೊತ್ತೊಯ್ಯುವ ಕೆತ್ತನೆಯಿದೆ. ಇನ್ನೊಂದು, ಜೂಲಿಯಸ್ ಸೀಸರನ ಶವವನ್ನು ಸುಟ್ಟ ಜಾಗ. ತಗಡಿನ ಮಾಡಿನಡಿ ಒಂದು ಮಣ್ಣಿನ ದಿಬ್ಬ, ಅದರ ಮೇಲೆ ಯಾರೋ ಇಟ್ಟುಹೋದ ಹೂವು ಈಗಲೂ ಇರುತ್ತದೆ. ಆಮೇಲೆ ಪ್ಯಾಲಟೈನ್ ಬೆಟ್ಟ ಹತ್ತಿ ಕುಳಿತುಬಿಡಿ. ಪೈನ್ ಮರಗಳ ನೆರಳು ಅಲ್ಲಿ ಧಾರಾಳ.

ರಾತ್ರಿ ಊಟದ ಬಳಿಕ ಮತ್ತೆ ಅದೇ ಕಡೆಗೆ ಬನ್ನಿ, ಈ ಸಲ ಎದುರು ಬದಿಯಿಂದ. ಮೈಕೆಲೇಂಜೆಲೊ ವಿನ್ಯಾಸ ಮಾಡಿದ ಕಾಂಪಿದೊಲ್ಯೊ ಚೌಕದ ಹಿಂದಕ್ಕೆ ನಡೆದರೆ ದೀಪ ಹಾಕಿದ ಫೋರಂ ಪೂರ್ತಿಯಾಗಿ ಕಾಲಕೆಳಗೆ ಕಾಣುತ್ತದೆ. ಟಿಕೆಟ್ ಇಲ್ಲ, ಬೇಲಿ ಇಲ್ಲ.

ಹೆಜ್ಜೆ 7: ಎರಡನೆಯ ದಿನ, ವ್ಯಾಟಿಕನ್

ಹೆಚ್ಚಿನವರು ಮೊದಲು ವಸ್ತುಸಂಗ್ರಹಾಲಯ, ಆಮೇಲೆ ಚರ್ಚು ಎಂದು ಹೊರಟು ಮಧ್ಯಾಹ್ನದ ಬಿಸಿಲಿನಲ್ಲಿ ಚರ್ಚಿನ ಉದ್ದದ ಸಾಲಿಗೆ ಸಿಕ್ಕಿಕೊಳ್ಳುತ್ತಾರೆ. ನೀವು ತಿರುಗುಮುರುಗು ಮಾಡಿ. ಬೆಳಿಗ್ಗೆ 7ಕ್ಕೆ ಸಂತ ಪೀಟರ್ ಚರ್ಚಿನ ಬಾಗಿಲಲ್ಲಿರಿ. ಪ್ರವೇಶ ಉಚಿತ, ಆ ಹೊತ್ತಿನಲ್ಲಿ ತಪಾಸಣೆ ಬೇಗ ಮುಗಿಯುತ್ತದೆ. ಭುಜ ಮತ್ತು ಮಂಡಿ ಮುಚ್ಚಿರಬೇಕು, ಹುಡುಗರ ಚಡ್ಡಿಗೂ ಇದೇ ನಿಯಮ. ಬಲಗಡೆಯ ಮೊದಲ ಗುಡಿಯಲ್ಲಿ ಪಿಯೆತಾ, ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡ ಮೇರಿ. ಮೈಕೆಲೇಂಜೆಲೊ ಇಪ್ಪತ್ತರ ಹರೆಯದಲ್ಲಿ, ಅಂದರೆ ನಿಮ್ಮದೇ ವಯಸ್ಸಿನಲ್ಲಿ ಇದನ್ನು ಕಡೆದ. 1972ರಲ್ಲಿ ಒಬ್ಬ ಸುತ್ತಿಗೆಯಿಂದ ಹೊಡೆದ ಮೇಲೆ ಗಾಜಿನ ಹಿಂದೆ ಇಟ್ಟಿದ್ದಾರೆ.

ಗುಮ್ಮಟ ಹತ್ತಲು ಬೇರೆ ಟಿಕೆಟ್. ಒಟ್ಟು 551 ಮೆಟ್ಟಿಲು. ಲಿಫ್ಟ್ ತೆಗೆದುಕೊಂಡರೂ ಕೊನೆಯ 320 ನಡೆಯಲೇಬೇಕು. ಮೇಲೆ ಹೋಗುತ್ತಾ ಗುಮ್ಮಟದ ಬಾಗಿಗೆ ತಕ್ಕಂತೆ ಗೋಡೆಯೇ ವಾಲುತ್ತದೆ, ನೀವೂ ಓರೆಯಾಗಿ ಹತ್ತಬೇಕು. ಇಕ್ಕಟ್ಟಿನ ಭಯ ಇರುವವರು ಕೆಳಗೇ ಉಳಿಯಲಿ; ಅರ್ಧದಲ್ಲಿ ಹಿಂದಿರುಗಲು ದಾರಿಯಿಲ್ಲ.

ವಸ್ತುಸಂಗ್ರಹಾಲಯದ ಟಿಕೆಟನ್ನು 10.30ಕ್ಕೆ ತೆಗೆದಿಡಿ. ಚರ್ಚಿನಿಂದ ವ್ಯಾಟಿಕನ್ನಿನ ಗೋಡೆ ಬಳಸಿಕೊಂಡು ಹದಿನೈದು ನಿಮಿಷದ ನಡಿಗೆ. ಒಳಗೆ ಎಲ್ಲವನ್ನೂ ನೋಡುತ್ತೇನೆಂಬ ಹಟ ಬೇಡ. ಇಟಲಿಯ 40 ಪ್ರದೇಶಗಳನ್ನು ಗೋಡೆಯ ಮೇಲೆ ಬರೆಸಿದ ನಕಾಶೆಗಳ ಪಡಸಾಲೆ, ಚಿತ್ರಕಾರ ರಾಫೆಲ್‌ನ ಕೋಣೆಗಳು, ಕೊನೆಗೆ ಸಿಸ್ಟೀನ್ ಗುಡಿ: ಇಷ್ಟಕ್ಕೇ ಮೂರು ಗಂಟೆ ಹೋಗುತ್ತದೆ. ಸಿಸ್ಟೀನಿನಲ್ಲಿ ಫೋಟೊ ತೆಗೆಯುವಂತಿಲ್ಲ, ಮಾತಾಡುವಂತಿಲ್ಲ. ಜನಜಂಗುಳಿಯ ನಡುವೆ ಕತ್ತೆತ್ತಿ ನಿಲ್ಲುವುದಕ್ಕಿಂತ ಗೋಡೆ ಪಕ್ಕದ ಬೆಂಚಿನಲ್ಲಿ ಯಾರಾದರೂ ಏಳುವುದನ್ನು ಕಾದು ಕುಳಿತುಕೊಳ್ಳಿ. ಮೈಕೆಲೇಂಜೆಲೊ ಬರೆದ ಛಾವಣಿಯ ಚಿತ್ರ 1508ರಿಂದ 1512ರವರೆಗಿನದು. ಬಲಿಪೀಠದ ಹಿಂದಿನ, ಅವನದೇ "ಅಂತಿಮ ತೀರ್ಪು" 1541ರಲ್ಲಿ ಮುಗಿದದ್ದು. ಎರಡರ ನಡುವೆ ಕಲಾವಿದನಿಗೆ ಮುಪ್ಪು ಅಡರಿತ್ತು. ಮೇಲೊಮ್ಮೆ ಎದುರಿಗೊಮ್ಮೆ ನೋಡಿದರೆ ಅದು ಮೈಗಳ ಬಣ್ಣದಲ್ಲೇ ಗೊತ್ತಾಗುತ್ತದೆ.

ಮಧ್ಯಾಹ್ನದ ಮೇಲೆ ಯಾವ ಯೋಜನೆಯೂ ಬೇಡ. ತೈಬರ್ ನದಿಯ ಈಚೆ ದಡದಲ್ಲೇ ತ್ರಾಸ್ತೆವೆರೆ ಬಡಾವಣೆಯವರೆಗೆ ನಡೆಯಿರಿ. ನಾಲ್ವರೂ ಅಂಟಿಕೊಂಡೇ ಇರಬೇಕೆಂದಿಲ್ಲ. ಬಟ್ಟೆ ಅಂಗಡಿಗೆ ಹೋಗುವವರು ಹೋಗಲಿ, ನಿದ್ದೆ ಮಾಡುವವರು ಮಾಡಲಿ. ಸಂಜೆ ಏಳಕ್ಕೆ ಸಾಂತಾ ಮರಿಯಾ ಚರ್ಚಿನ ಮುಂದಿನ ಕಾರಂಜಿಯ ಬಳಿ ಸೇರುವುದೆಂದು ಗೊತ್ತು ಮಾಡಿಕೊಂಡರೆ ಸಾಕು. ಮೂರು ದಿನದ ಪ್ರವಾಸದಲ್ಲಿ ಸ್ನೇಹ ಉಳಿಯುವುದು ಇಂಥ ಮೂರು ಗಂಟೆಗಳಿಂದ.

ಹೆಜ್ಜೆ 8: ಮೂರನೆಯ ದಿನ, ಬಾಗಿಲು ತೆರೆದಾಗ

ಇಡೀ ಪ್ರವಾಸದಲ್ಲಿ ಅತಿ ಕಡಿಮೆ ಖರ್ಚಾಗುವ ದಿನ ಇದು, ನನ್ನ ಮಟ್ಟಿಗೆ ಅತಿ ಒಳ್ಳೆಯದೂ ಹೌದು. ರೋಮಿನ ಬಹುಪಾಲು ಚರ್ಚುಗಳು ಬೆಳಿಗ್ಗೆ ತೆರೆದು ಹನ್ನೆರಡು ಹನ್ನೆರಡೂವರೆಗೆ ಮುಚ್ಚಿ, ಮೂರು ನಾಲ್ಕರ ಮೇಲೆ ಮತ್ತೆ ತೆರೆಯುತ್ತವೆ. ಆದ್ದರಿಂದ ಕೆಲಸವೆಲ್ಲ ಬೆಳಿಗ್ಗೆಯೇ.

ಆರೂವರೆಗೆ ತ್ರೆವಿ ಕಾರಂಜಿ. ಎಂಟರ ನಂತರ ಅಲ್ಲಿ ನೀರು ಕಾಣುವುದಿಲ್ಲ, ತಲೆಗಳಷ್ಟೇ ಕಾಣುತ್ತವೆ. ಕೊಳದ ಅಂಚಿಗೆ ಇಳಿಯುವವರ ಸಂಖ್ಯೆಗೂ ಈಗ ಕಡಿವಾಣವಿದೆ. ಜನ ಎಸೆಯುವ ನಾಣ್ಯಗಳು ಕಾರಿತಾಸ್ ಎಂಬ ದಾನಸಂಸ್ಥೆಗೆ ಹೋಗುತ್ತವೆ. ಇಲ್ಲಿಗೆ ನೀರು ತರುವ ಕಾಲುವೆಯನ್ನು ರೋಮನ್ ಸೇನಾಪತಿ ಅಗ್ರಿಪ್ಪ ಕ್ರಿ.ಪೂ. 19ರಲ್ಲೇ ಕಟ್ಟಿಸಿದ್ದ, ಮೇಲಿನ ಶಿಲ್ಪವೈಭವ 1762ರಲ್ಲಿ ಮುಗಿದದ್ದು.

ಒಂಬತ್ತಕ್ಕೆ ಸಾಂತ್ ಇನ್ಯಾತ್ಸಿಯೊ ಚರ್ಚು. ನೆಲದ ಮೇಲೆ ಒಂದು ದುಂಡನೆಯ ಗುರುತಿದೆ, ಅಲ್ಲಿ ನಿಂತು ಮುಂದೆ ಮೇಲಕ್ಕೆ ನೋಡಿದರೆ ಆಳವಾದ ಗುಮ್ಮಟ ಕಾಣುತ್ತದೆ. ಹಾಗೇ ನೋಡುತ್ತಾ ಬಲಿಪೀಠದ ಕಡೆಗೆ ನಡೆಯಿರಿ: ಗುಮ್ಮಟ ಸೊಟ್ಟಗಾಗುತ್ತಾ ಹೋಗಿ ಚಪ್ಪಟೆ ಬಟ್ಟೆಯಾಗಿಬಿಡುತ್ತದೆ. ಅಲ್ಲಿ ಗುಮ್ಮಟವೇ ಇಲ್ಲ. ಅಂದ್ರೆಯಾ ಪೊತ್ಸೊ ಎಂಬ ಕ್ರೈಸ್ತ ಸಂನ್ಯಾಸಿ 1685ರಲ್ಲಿ ಬರೆದ ಚಿತ್ರ ಅದು.

ಐದು ನಿಮಿಷ ನಡೆದರೆ ನಿಜವಾದ ಗುಮ್ಮಟ. ಪ್ರಾಚೀನ ರೋಮನ್ ದೇಗುಲ ಪ್ಯಾಂಥಿಯನ್ನಿಗೆ 2023ರಿಂದ 5 ಯೂರೋ ಟಿಕೆಟ್ ಇಟ್ಟಿದ್ದಾರೆ. ಎರಡು ದೊಡ್ಡ ಟಿಕೆಟ್‌ಗಳ ಜೊತೆಗೆ ಇದೊಂದು ಚಿಲ್ಲರೆ ಖರ್ಚು. ಚಕ್ರವರ್ತಿ ಹೇಡ್ರಿಯನ್ನನ ಕಾಲದ ಈ ಕಾಂಕ್ರೀಟ್ ಗುಮ್ಮಟದ ಅಗಲವೂ ನೆಲದಿಂದ ಅದರ ಎತ್ತರವೂ ಒಂದೇ, 43.3 ಮೀಟರ್. ವಿಜಯಪುರದ ಗೋಳಗುಮ್ಮಟವನ್ನು ಕಂಡವರಿಗೆ ಅಳತೆ ತಟ್ಟನೆ ಅಂದಾಜಿಗೆ ಸಿಗುತ್ತದೆ; ಇದು ಅದಕ್ಕಿಂತ 1500 ವರ್ಷ ಹಳೆಯದು. ನೆತ್ತಿಯಲ್ಲಿ ಬಯಲು ಕಿಂಡಿ, ಗಾಜಿಲ್ಲ. ಮಳೆ ಬಂದರೆ ಒಳಗೇ ಸುರಿಯುತ್ತದೆ. ನೆಲ ನಡುವೆ ತುಸು ಉಬ್ಬಿದೆ, ಅಮೃತಶಿಲೆಯಲ್ಲಿ 22 ಸಣ್ಣ ತೂತುಗಳಿವೆ, ನೀರು ಅಲ್ಲಿ ಇಂಗಿ ಹೋಗುತ್ತದೆ. ಮಳೆಯ ದಿನವಾದರೆ ಯೋಜನೆ ಬದಲಿಸಿಯಾದರೂ ಆ ಹೊತ್ತಿಗೆ ಅಲ್ಲಿರಿ.

ಅಲ್ಲಿಂದ ಮತ್ತೆರಡು ಬೀದಿ ದಾಟಿದರೆ ಸಾನ್ ಲುಯಿಜಿ ದೆಯ್ ಫ್ರಾಂಚೆಸಿ ಚರ್ಚು. ಎಡಗಡೆಯ ಕೊನೆಯ ಗುಡಿಯಲ್ಲಿ ಚಿತ್ರಕಾರ ಕರಾವಾಜ್ಜೊನ ಮೂರು ಚಿತ್ರಗಳು, ಸಂತ ಮತ್ತಾಯನ ಬದುಕಿನವು. ಗುಡಿ ಕತ್ತಲಾಗಿರುತ್ತದೆ. ಪಕ್ಕದ ಪೆಟ್ಟಿಗೆಗೆ ನಾಣ್ಯ ಹಾಕಿದರೆ ದೀಪ ಹತ್ತಿ, ಸ್ವಲ್ಪ ಹೊತ್ತಿಗೆ ಕಟಕ್ ಎಂದು ಆರುತ್ತದೆ. ಪ್ರತಿಯೊಬ್ಬರೂ ಒಂದೊಂದು ನಾಣ್ಯ ಕೈಯಲ್ಲಿಟ್ಟುಕೊಂಡು, ಒಬ್ಬರದು ಆರಿದ ಮೇಲೆ ಇನ್ನೊಬ್ಬರು ಹಾಕಿ. ಎಡಗಡೆಯ ಚಿತ್ರದಲ್ಲಿ ಸುಂಕದ ಕಟ್ಟೆಯಲ್ಲಿ ಹಣ ಎಣಿಸುತ್ತಿರುವವರು, ಬಲದಿಂದ ಕ್ರಿಸ್ತ ಕೈಚಾಚಿ ಕರೆಯುತ್ತಿದ್ದಾನೆ. ಕರೆದದ್ದು ಗಡ್ಡದ ಮುದುಕನನ್ನೋ ತಲೆತಗ್ಗಿಸಿ ನಾಣ್ಯ ಎಣಿಸುತ್ತಿರುವ ಹುಡುಗನನ್ನೋ ಎಂದು ಪಂಡಿತರೇ ಜಗಳವಾಡಿದ್ದಾರೆ. ನಿಮ್ಮ ನಾಲ್ವರಲ್ಲೂ ಎರಡು ಪಕ್ಷವಾಗುವುದು ಖಂಡಿತ. ಈ ಚಿತ್ರಗಳು ದೊಡ್ಡ ಸಂಗ್ರಹಾಲಯದಲ್ಲಿದ್ದಿದ್ದರೆ ಮುಖ ನೋಡಲು ಇಪ್ಪತ್ತು ಯೂರೋ ಕೊಡಬೇಕಿತ್ತು.

ನಂತರ ಪಿಯಾತ್ಸಾ ನವೋನ ಚೌಕ. ಶಿಲ್ಪಿ ಬೆರ್ನೀನಿಯ ನಾಲ್ಕು ನದಿಗಳ ಕಾರಂಜಿಯಲ್ಲಿ ನೈಲ್, ಡ್ಯಾನ್ಯೂಬ್, ದಕ್ಷಿಣ ಅಮೆರಿಕದ ಪ್ಲಾತಾ ಜೊತೆಗೆ ನಮ್ಮ ಗಂಗೆಯೂ ಇದ್ದಾಳೆ. ಇದ್ದಾನೆ ಎನ್ನಬೇಕು: ನಮಗೆ ತಾಯಿಯಾದವಳು ಇಲ್ಲಿ ಕೈಯಲ್ಲಿ ಉದ್ದದ ಹುಟ್ಟು ಹಿಡಿದ ಗಡ್ಡದ ಗಂಡಸು. ದೋಣಿ ಸಾಗುವ ನದಿ ಎಂದು ಸೂಚಿಸಲು ಆ ಹುಟ್ಟು. 1651ರ ಯುರೋಪಿಗೆ ಗಂಗೆಯ ಬಗ್ಗೆ ಅಷ್ಟು ಗೊತ್ತಿದ್ದದ್ದೇ ದೊಡ್ಡದು.

ಸೂರ್ಯ ಮುಳುಗುವ ಹೊತ್ತಿಗೆ ಅವೆಂಟೈನ್ ಬೆಟ್ಟದ ಕಿತ್ತಳೆ ತೋಟಕ್ಕೆ ಹೋಗಿ. ಪಕ್ಕದ ಮಾಲ್ಟಾ ಸೇನಾನಿಗಳ ಗೇಟಿನ ಬೀಗದ ಕಿಂಡಿಗೆ ಕಣ್ಣಿಟ್ಟರೆ, ಕತ್ತರಿಸಿ ನಿಲ್ಲಿಸಿದ ಗಿಡಗಳ ಓಣಿಯ ತುದಿಯಲ್ಲಿ ಸಂತ ಪೀಟರ್ ಗುಮ್ಮಟ ಸರಿಯಾಗಿ ಕೂತಿರುತ್ತದೆ.

ಹೆಜ್ಜೆ 9: ಹೊಟ್ಟೆ

ಕಾಫಿಯನ್ನು ಕೌಂಟರಿನಲ್ಲಿ ನಿಂತೇ ಕುಡಿಯಿರಿ, ಕೂತರೆ ಬೆಲೆ ಏರುತ್ತದೆ. ಕೆಲವು ಕಡೆ ಮೊದಲು ದುಡ್ಡು ಕಟ್ಟಿ ಚೀಟಿ ತಂದು ತೋರಿಸಬೇಕು. ಮಧ್ಯಾಹ್ನಕ್ಕೆ ತುಂಡು ಪಿಜ್ಜಾ ಅಂಗಡಿ: ದೊಡ್ಡ ತಟ್ಟೆಯಿಂದ ಕತ್ತರಿಯಲ್ಲಿ ಕತ್ತರಿಸಿ ತೂಕಕ್ಕೆ ಕೊಡುತ್ತಾರೆ, ಎಷ್ಟು ಅಗಲ ಬೇಕೆಂದು ಕೈಯಲ್ಲಿ ತೋರಿಸಿದರೆ ಸಾಕು.

ಸಸ್ಯಾಹಾರಿಗಳು ಗಮನಿಸಿ. ಕಾರ್ಬೊನಾರಾ, ಅಮಾತ್ರಿಚಾನಾ ಎರಡರಲ್ಲೂ ಹಂದಿಯ ಕೆನ್ನೆಮಾಂಸ ಇರುತ್ತದೆ. ಸುಪ್ಲಿ ಎಂಬ ಅನ್ನದ ಉಂಡೆ ಬೋಂಡಾದಂತೆ ಕಂಡರೂ ಒಳಗೆ ಮಾಂಸದ ಸಾರು ಸೇರಿರುವುದುಂಟು, ಕೇಳಿಯೇ ತಿನ್ನಿ. ಕಾಚೊ ಎ ಪೆಪೆ ಎಂಬ ಮೆಣಸು-ಚೀಸಿನ ಪಾಸ್ತಾ ನೋಡಲು ಶುದ್ಧ ಸಸ್ಯಾಹಾರವೇ, ಆದರೆ ಅದಕ್ಕೆ ಹಾಕುವ ಪೆಕೊರಿನೊ ಚೀಸಿಗೆ ಹೆಪ್ಪು ಕುರಿಮರಿಯ ಹೊಟ್ಟೆಯಿಂದ ಬರುತ್ತದೆ. ಅಷ್ಟು ಕಟ್ಟುನಿಟ್ಟಿನವರಿಗೆ ಮರಿನಾರಾ ಪಿಜ್ಜಾ: ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಒರೆಗಾನೊ, ಅಷ್ಟೇ. "ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ" ಎಂದರೆ ಮಾಂಸವೂ ಬೇಡ, ಮೀನೂ ಬೇಡ. ಮೀನನ್ನು ಬಿಡಿಸಿ ಹೇಳದಿದ್ದರೆ ಸಲಾಡಿನಲ್ಲಿ ಆಂಚೊವಿ ಬಂದು ಕೂರುತ್ತದೆ.

ತೆರ್ಮಿನಿಯ ಹತ್ತಿರದ ಎಸ್ಕ್ವಿಲೀನೊ ಮಾರುಕಟ್ಟೆಯಲ್ಲಿ ಬಾಂಗ್ಲಾದೇಶದವರ, ಭಾರತೀಯರ ಅಂಗಡಿಗಳಿವೆ. ಬೇಳೆ, ಅಕ್ಕಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಎಲ್ಲವೂ ಸಿಗುತ್ತದೆ. ಹಾಸ್ಟೆಲಿನಲ್ಲಿ ಅಡುಗೆಮನೆ ಇದ್ದು, ಯಾರಾದರೊಬ್ಬರು ಮನೆಯ ಸಾರಿನ ಪುಡಿ ತಂದಿದ್ದರೆ ಎರಡನೆಯ ರಾತ್ರಿಯ ಊಟದ ಖರ್ಚು ಉಳಿಯಿತು.

ನೀರಿಗೆ ದುಡ್ಡು ಕೊಡಬೇಡಿ. ನಗರದುದ್ದಕ್ಕೂ ನಸೋನೆ ಎಂಬ ಎರಕದ ಕಬ್ಬಿಣದ ಕಂಬಗಳಿಂದ ಕುಡಿಯುವ ನೀರು ಸದಾ ಹರಿಯುತ್ತಿರುತ್ತದೆ, 1874ರಿಂದ ಇರುವ ವ್ಯವಸ್ಥೆ. ಬಾಗಿ ಬಾಯಿ ಒಡ್ಡಬೇಕಿಲ್ಲ: ನಳಿಗೆಯ ತುದಿಯನ್ನು ಬೆರಳಿನಿಂದ ಮುಚ್ಚಿದರೆ ಅದರ ಬೆನ್ನ ಮೇಲಿನ ತೂತಿನಿಂದ ನೀರು ಕಮಾನಾಗಿ ಚಿಮ್ಮಿ ಬಾಯಿಗೆ ಬರುತ್ತದೆ. ಬೆರಳನ್ನು ಗಟ್ಟಿಯಾಗಿ ಒತ್ತಿದರೆ ಹಿಂದೆ ನಿಂತವರಿಗೆ ಸ್ನಾನ.

ಹೆಜ್ಜೆ 10: ಎಚ್ಚರ

ತೆರ್ಮಿನಿಯಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೇ ಬಸ್ಸು ಮತ್ತು ಮೆಟ್ರೊ ಎ ಮಾರ್ಗ ಕಿಸೆಗಳ್ಳರಿಗೆ ಹೆಸರುವಾಸಿ. ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ, ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ. ಕೈಗೆ ದಾರ ಕಟ್ಟಲು, ಗುಲಾಬಿ ಕೊಡಲು ಬರುವವರಿಗೆ ನಿಲ್ಲದೆ "ನೋ" ಎಂದು ನಡೆಯಿರಿ. ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ ಕೂರುವುದನ್ನು 2019ರಿಂದ ನಿಷೇಧಿಸಿದ್ದಾರೆ, ಪೊಲೀಸರು ಸೀಟಿ ಊದಿ ಎಬ್ಬಿಸುತ್ತಾರೆ, ದಂಡವೂ ಇದೆ. ಕಾರಂಜಿಗೆ ಕಾಲಿಳಿಸಿದರೂ ದಂಡ.

ಹೊರಡುವ ದಿನ

ವಿಮಾನ ಸಂಜೆಗಿದ್ದರೆ ಅರ್ಧ ದಿನ ಕೈಯಲ್ಲಿ ಉಳಿಯುತ್ತದೆ. ಹಾಸ್ಟೆಲಿನಲ್ಲೇ ಚೀಲ ಇಟ್ಟು ತೆರ್ಮಿನಿ ಎದುರಿನ ಪಲಾತ್ಸೊ ಮಾಸ್ಸಿಮೊ ಸಂಗ್ರಹಾಲಯಕ್ಕೆ ಹೋಗಿ. ಸೋಮವಾರ ಮಾತ್ರ ರಜೆ. ಹೆಚ್ಚು ಜನ ಬರುವುದಿಲ್ಲ. ಕಾದಾಟ ಮುಗಿಸಿ ಕುಳಿತ ಕಂಚಿನ ಮುಷ್ಟಿಮಲ್ಲನ ಮುಖದ ಗಾಯಗಳಿಂದ ಒಸರುವ ರಕ್ತವನ್ನು ತಾಮ್ರ ಕೂರಿಸಿ ತೋರಿಸಿದ್ದಾರೆ, ಹತ್ತಿರ ಹೋಗಿ ನೋಡಿ. ಮೇಲಿನ ಅಂತಸ್ತಿನಲ್ಲಿ ಚಕ್ರವರ್ತಿ ಅಗಸ್ಟಸನ ಹೆಂಡತಿ ಲಿವಿಯಾಳ ಮನೆಯ ಗೋಡೆಗಳು, ಕೋಣೆ ತುಂಬ ಹಣ್ಣಿನ ಮರ ಮತ್ತು ಹಕ್ಕಿ. ನೆಲಮಾಳಿಗೆಯಲ್ಲಿ ನಾಣ್ಯ ಸಂಗ್ರಹವಿದೆ. ಅಗಸ್ಟಸ್, ಟೈಬೀರಿಯಸ್ ಹೆಸರಿನ ಬೆಳ್ಳಿ ನಾಣ್ಯಗಳ ಮುಂದೆ ಒಂದು ನಿಮಿಷ ನಿಲ್ಲಿ: ಇಂಥವೇ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಬೆಂಗಳೂರಿನ ಯಶವಂತಪುರದಲ್ಲೂ ನೆಲದಡಿ ಸಿಕ್ಕಿವೆ. ಕಡಲು ದಾಟಿ ಬಂದ ವ್ಯಾಪಾರದ ದುಡ್ಡು ಅದು.

ವಿಮಾನ ನಿಲ್ದಾಣದ ದಾರಿಯಲ್ಲೇ ಸಾಮಾನ್ಯ ನಿಧಿಯ ಲೆಕ್ಕ ಚುಕ್ತಾ ಮಾಡಿಕೊಳ್ಳಿ. ಊರಿಗೆ ಹೋದ ಮೇಲೆ ನೋಡೋಣ ಎಂದರೆ ಪರೀಕ್ಷೆ ಬರುತ್ತದೆ, ಹಣ ಬರುವುದಿಲ್ಲ.